ಸೂರಿನ ಯಜಮಾನ

ಆಷಾಢದ ಗಾಳಿ ಹೊಲಿಗೆಯ ಸಾಕಮ್ಮನ ಮನೆಯ ನಾಲ್ಕು ಹೆಂಚುಗಳನ್ನು ಹಾರಿಸಿಬಿಟ್ಟಿತು. ಕೆಳಗೆ ಯಾರದೋ ಮದುವೆಯ ರೇಷ್ಮೆ ರವಿಕೆಗಳಿದ್ದವು. ನೆನೆದು ಬಣ್ಣ ಬಿಟ್ಟರೆ ಆ ಬೀದಿಯಲ್ಲಿ ಇನ್ನು ಯಾರೂ ಅವಳ ಕೈಗೆ ಬಟ್ಟೆ ಕೊಡುವಂತಿರಲಿಲ್ಲ.

ಮಳೆ ಬಿಟ್ಟೊಡನೆ ತಾನೇ ಹೆಂಚು ತಂದು ಏಣಿ ಹಾಕಿದಳು. ಪಕ್ಕದ ಮನೆಯಲ್ಲೇ ಇದ್ದ ವಠಾರದ ಮಾಲೀಕ ಶಂಕರಲಿಂಗಪ್ಪ ಓಡಿ ಬಂದ.

“ಇಳಿಯಮ್ಮ ಕೆಳಗೆ. ಆಷಾಢದಲ್ಲಿ ಯಾರಾದರೂ ಮನೆ ಕೆಲಸ ಮಾಡ್ತಾರಾ? ನಿನಗೆ ಕೊಟ್ಟಿರೋದು ಒಳಗಿನ ಜಾಗ. ಸೂರು ನಂದು.”

“ಮಳೆ ಬಂದರೆ?”

“ಪಾತ್ರೆ ಇಟ್ಕೊ.”

ಸಾಕಮ್ಮನ ಮೈ ಉರಿದುಹೋಯಿತು. ಹೋದ ಆಷಾಢದಲ್ಲಿ ತನ್ನ ಜಗಲಿಗೆ ಹೊಸ ಕಲ್ಲು ಹಾಸಿಸಿದವನಿಗೆ ಈಗ ಪಂಚಾಂಗ ನೆನಪಾಯಿತೇ?

ವಠಾರಕ್ಕೆಲ್ಲ ಒಂದೇ ಸೂರು. ಎರಡು ಮನೆಗಳ ನಡುವಿನ ಗೋಡೆ ಆಳೆತ್ತರ ಅಷ್ಟೇ. ಅವಳು ಬಟ್ಟೆ ಹರವುವ ಬಿದಿರ ಗಳವನ್ನು ಉದ್ದಕ್ಕೆ ಸೀಳಿ, ಒಳಗಿನ ಗಂಟುಗಳನ್ನು ಕೆತ್ತಿ ತೆಗೆದಳು. ಒಂದು ತುದಿಯನ್ನು ತೂತಿನ ಕೆಳಗೆ ಕಟ್ಟಿ, ಇನ್ನೊಂದನ್ನು ಗೋಡೆಯಾಚೆಗೆ ಇಳಿಬಿಟ್ಟಳು.

ಸಂಜೆ ಮಳೆ ಹಿಡಿಯಿತು. ಶಂಕರಲಿಂಗಪ್ಪ ತಲೆಯಿಂದ ನೀರು ಸುರಿಸುತ್ತ ಬಂದ.

“ನನ್ನ ಹಾಸಿಗೆ ಮೇಲೆ ನೀರು ಬಿಡ್ತೀಯಾ?”

“ಸೂರು ನಿಮ್ಮದು ಅಂದಿರಲ್ಲ ಸ್ವಾಮಿ, ಅಲ್ಲಿಂದ ಬಿದ್ದದ್ದೂ ನಿಮ್ಮದೇ. ಕಂಡವರ ಸೊತ್ತು ನಾನ್ಯಾಕೆ ಇಟ್ಕೊಳ್ಳಲಿ? ತೊಟ್ಟೂ ಬಿಡದೆ ಕಳಿಸಿದೀನಿ.”

ಗೋಡೆಯಾಚೆಯಿಂದ ಹೆಂಡತಿ ಕೂಗಿದಳು: “ರೀ, ದಿಂಬೂ ನೆನೀತು.”

ಶಂಕರಲಿಂಗಪ್ಪ ಪಂಚೆ ಎತ್ತಿ ಕಟ್ಟಿ, ಹೆಂಚು ಹಿಡಿದು, ಸುರಿವ ಮಳೆಯಲ್ಲೇ ಏಣಿ ಹತ್ತಿದ. ಸಾಕಮ್ಮ ಕೆಳಗೆ ಏಣಿ ಹಿಡಿದು ನಿಂತಳು.

“ಎಡಗಡೆ ಇನ್ನೊಂದು ಸರಿದಿದೆ. ಅದನ್ನೂ ಕೂರಿಸಿ, ಆಮೇಲೆ ಇಳಿಯೋರಂತೆ.”