ಬರದೇ ಹೋದ ಹನ್ನೆರಡು ಜನ

ನಾಟಿ ವೈದ್ಯರ ಸಮ್ಮೇಳನಕ್ಕೆ ಐದೇ ದಿನ ಉಳಿದಿತ್ತು. ಹೊಳೆದಂಡೆಯ ಆಶ್ರಮದಲ್ಲಿ ಶಿಷ್ಯ ಕರಿಬಸವನಿಗೆ ಊಟ ನಿದ್ದೆ ಯಾವುದರ ಮೇಲೂ ಗಮನವಿರಲಿಲ್ಲ. ಭಾಷಣ ಬಾಯಿಪಾಠವಾಗಿತ್ತು. ಪೋಸ್ಟರ್ ಮುಗಿದಿತ್ತು. ಪುಣ್ಯಾತ್ಮ ಅದನ್ನು ಗುರುಗಳ ಮುಂದೆ ಹಾಸಿ, ಹೊಗಳಿಕೆಗೆ ಕಾಯುತ್ತ ನಿಂತ.

ರೇವಣಾರಾಧ್ಯರು ಓದಿದರು. ‘ಕಾಮಾಲೆ ಪುಡಿ. ಕೊಟ್ಟದ್ದು ಇಪ್ಪತ್ತು ಜನರಿಗೆ. ಗುಣವಾದವರು ಇಪ್ಪತ್ತು.’

“ಗುಣವಾಯಿತು ಅಂತ ಯಾರು ಹೇಳಿದರು?”

“ಎಂಟು ಜನ ಬಂದು ಕೈಮುಗಿದು ಹೋದರು, ಗುರುಗಳೇ.”

“ಮಿಕ್ಕ ಹನ್ನೆರಡು?”

“ಮತ್ತೆ ಬರಲೇ ಇಲ್ಲ. ವಾಸಿಯಾದ ಮೇಲೆ ವೈದ್ಯರ ಬಾಗಿಲಿಗೆ ಯಾಕೆ ಬರುತ್ತಾರೆ?”

ಗುರುಗಳು ಹಾಳೆ ಸುತ್ತಿ ಪಕ್ಕಕ್ಕಿಟ್ಟರು.

“ಹೋಗಿ ಆ ಹನ್ನೆರಡು ಜನರನ್ನೂ ಸಮ್ಮೇಳನಕ್ಕೆ ಕರೆದು ಬಾ. ಪೋಸ್ಟರ್ ಪಕ್ಕ ನಿಲ್ಲಲಿ.”

ಆಹಾ, ಎಂಥ ಉಪಾಯ ಅನ್ನಿಸಿತು ಕರಿಬಸವನಿಗೆ. ಕುಣಿಯುತ್ತಲೇ ಹರಿಗೋಲು ಹತ್ತಿದ.

ಆಚೆ ದಡದ ಮೊದಲ ಮನೆಯಲ್ಲಿ ಮುದುಕಿಯೊಬ್ಬಳು ಹುರುಳಿ ಆರಿಸುತ್ತಿದ್ದಳು. ಅವನು ಬಂದ ಕಾರಣ ಹೇಳಿದ.

“ಯಾರನ್ನ ಕರೀತೀಯಪ್ಪ, ನಮ್ಮ ಸಾಕವ್ವನ್ನಾ?” ಎಂದಳು. “ಪುಡಿ ತಗೊಂಡು ಒಂಬತ್ತನೇ ದಿನಕ್ಕೆ ಹೋಗ್ಬಿಟ್ಟಳಲ್ಲ ನನ್ನ ಸೊಸೆ.”

ಕರಿಬಸವ ತೊದಲಿದ. “ಆಸ್ಪತ್ರೆಗೆ...”

“ಕರ್ಕೊಂಡು ಹೋಗೋಣ ಅಂದ ನನ್ನ ಮಗ. ಮೂರು ಸಲ ಪುಡಿ ಮುಗಿಯೋ ತನಕ ಬೇರೆ ಔಷಧ ಮುಟ್ಟಬಾರದು ಅಂತ ನೀನೇ ಹೇಳಿ ಕಳಿಸಿದ್ದೆಯಲ್ಲಪ್ಪ. ನಾನೇ ಬೇಡ ಅಂದೆ.”

ಅವಳು ಬೈಯಲಿಲ್ಲ. ಬಿಸಿಲಲ್ಲಿ ಬಂದಿದ್ದೀಯ ಎಂದು ಮಜ್ಜಿಗೆ ಕೊಟ್ಟಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಜ್ಜಿಗೆಯ ಲೋಟ ಕೆಳಗಿಟ್ಟು ಅವನು ಮುಂದಿನ ಮನೆಗೆ ಹೊರಟ.

ಮೂರನೇ ದಿನ ಅವನು ಒಬ್ಬನೇ ಹಿಂದಿರುಗಿದ.

“ಹನ್ನೆರಡರಲ್ಲಿ ಏಳು ಜನ ಸತ್ತಿದ್ದಾರೆ, ಗುರುಗಳೇ. ಮಿಕ್ಕ ಐವರು ಆಸ್ಪತ್ರೆ ಸೇರಿ ಉಳಿದುಕೊಂಡರು. ಅವರನ್ನೂ ಗುಣವಾದವರ ಲೆಕ್ಕಕ್ಕೆ ಸೇರಿಸಿ ಬರೆದೆನಲ್ಲ, ನನ್ನ ಕೈಗೆ ಬೆಂಕಿ ಹಾಕ!” ಎಂದು ಹಾಳೆಯನ್ನು ಹರಿಯಲು ಹೋದ. “ನಾನು ಸಮ್ಮೇಳನಕ್ಕೆ ಹೋಗುವುದಿಲ್ಲ.”

ಗುರುಗಳು ಹಾಳೆಯನ್ನು ಅವನ ಕೈಯಿಂದ ಬಿಡಿಸಿಕೊಂಡು ಮುಂದೆ ಹಾಸಿ ಕೂತರು. ಆ ಪುಡಿ ಅವರದೇ. ನಲವತ್ತು ವರ್ಷದಿಂದ ಕೊಡುತ್ತ ಬಂದಿದ್ದರು. ಬೇರೆ ಔಷಧ ಮುಟ್ಟಬಾರದೆಂಬ ಪಥ್ಯವೂ ಅವರು ಕಲಿಸಿದ್ದೇ. ಬರದೇ ಹೋದವರನ್ನು ಅವರೂ ಒಮ್ಮೆಯೂ ಹುಡುಕಿಕೊಂಡು ಹೋಗಿರಲಿಲ್ಲ.

“ಸಮ್ಮೇಳನಕ್ಕೆ ಬರುವವರಲ್ಲಿ ಈ ಪುಡಿ ಕೊಡುವವರು ಎಷ್ಟು ಜನ?” ಎಂದು ಕೇಳಿದರು.

“ಅರ್ಧಕ್ಕರ್ಧ ನಿಮ್ಮ ಶಿಷ್ಯರೇ.”

“ಇವತ್ತೂ ಕೊಡುತ್ತಿರುತ್ತಾರೆ. ಹೊಸ ಹಾಳೆ ತಾ.”

ಕರಿಬಸವ ಬರೆದ. ಸಾಕವ್ವನಿಂದ ಶುರುಮಾಡಿ ಏಳು ಹೆಸರು. ಪುಡಿ ಯಾರದು ಎಂಬಲ್ಲಿಗೆ ಬಂದಾಗ ತನ್ನ ಹೆಸರು ಹಾಕಿದ. ಗುರುಗಳು ಲೇಖನಿ ಕಸಿದುಕೊಂಡು ಅದನ್ನು ಹೊಡೆದುಹಾಕಿದರು.

“ಬೇಡ ಗುರುಗಳೇ, ನಿಮ್ಮ ಕಾಲಿಗೆ ಬೀಳುತ್ತೇನೆ. ನಾಳೆಯಿಂದ ಈ ಬಾಗಿಲಿಗೆ ಯಾರೂ ಬರುವುದಿಲ್ಲ.”

ಗುರುಗಳು ಲೇಖನಿಯನ್ನು ಅವನ ಕೈಗೇ ಹಿಂದಕ್ಕೆ ಕೊಟ್ಟರು. ಅವನು ಅಳುತ್ತ, ಹಾಳೆಯ ತೀರಾ ಕೆಳಗಿನ ಮೂಲೆಯಲ್ಲಿ ರೇವಣಾರಾಧ್ಯ ಎಂದು ಬರೆದ.

ಗುರುಗಳು ಎದ್ದು, ಹತ್ತು ಹೆಜ್ಜೆ ಹಿಂದಕ್ಕೆ ಹೋಗಿ, ಕಣ್ಣು ಕಿರಿದು ಮಾಡಿ ನೋಡಿದರು.

“ಅಕ್ಷರ ಸಣ್ಣದಾಯಿತು. ಹಿಂದೆ ನಿಂತವರಿಗೂ ಕಾಣಬೇಕು.”