ನಾಲ್ಕು ಬಾಗಿಲಿನ ಮಂಟಪ

“ಒಂದು ಮಂಟಪ. ಅದಕ್ಕೆ ನಾಲ್ಕು ಬಾಗಿಲು. ನಾಲ್ಕೂ ತೆರೆದಿದ್ದವು, ಒಂದಕ್ಕೂ ಚಿಲಕ ಹಾಕಿರಲಿಲ್ಲ. ಆದರೂ ಒಳಗಿದ್ದವರ ಪಾಲಿಗೆ ಇದ್ದದ್ದು ಒಂದೇ ಬಾಗಿಲು. ಯಾಕೆ, ಹೇಳು ನೋಡೋಣ.”

ಗುರುಗಳು ಹೀಗೆ ಕೇಳಿದಾಗ ಶಿಷ್ಯ ಮರುಳಸಿದ್ಧ ಪಿಳಿಪಿಳಿ ಕಣ್ಣು ಬಿಟ್ಟ. ಪ್ರಶ್ನೆ ಕೇಳಲು ಬಂದವನು ಅವನು. ಮರುದಿನ ಮಠದಲ್ಲಿ ದೊಡ್ಡ ಸಭೆಯಿತ್ತು. ಸುತ್ತಲಿನ ಹಳ್ಳಿಗಳೆಲ್ಲ ಬಂದು ಸೇರುವುದಿತ್ತು. ಮಂಟಪದ ಉಸ್ತುವಾರಿ ಅವನ ತಲೆಗೆ ಬಿದ್ದಿತ್ತು. ಪಕ್ಕದ ಸೀಮೆಯ ಸಭೆಯೊಂದರಲ್ಲಿ ನೂಕುನುಗ್ಗಲಾಗಿ ಜನ ಕಾಲ್ತುಳಿತಕ್ಕೆ ಸಿಕ್ಕ ಸುದ್ದಿ ಕೇಳಿದಾಗಿನಿಂದ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಸೇರುತ್ತಿರಲಿಲ್ಲ ಎಂದರೆ, ಮೂರನೆಯ ಸಲ ಬಡಿಸಲು ಬಂದವರಿಗೆ ಬೇಡ ಅನ್ನುತ್ತಿದ್ದ. ಇಷ್ಟು ಜನ ಒಂದೇ ಸೂರಿನಡಿ ಸೇರಿದಾಗ ಅವರನ್ನು ಕಾಯುವುದು ಹೇಗೆ ಎಂದು ಕೇಳಲು ಅದಕ್ಕೇ ಬಂದಿದ್ದ. ಬಂದವನು ಬರಿಗೈಲಿ ಬಂದಿರಲಿಲ್ಲ, ತನ್ನ ಏರ್ಪಾಡನ್ನೂ ಒಪ್ಪಿಸಿದ್ದ. ಮೂಲೆ ಮೂಲೆಗೂ ನೀರಿನ ಹಂಡೆ ಇಡಿಸಿದ್ದ. ಚಪ್ಪಲಿ ಕಳುವಾಗದಂತೆ ಎಲ್ಲರವನ್ನೂ ಮೂಡಣ ಬಾಗಿಲಲ್ಲಿ ಬಿಡಿಸಿ, ಕಾಯಲು ಒಬ್ಬ ಆಳನ್ನು ನಿಲ್ಲಿಸುವವನಿದ್ದ. ನಾಲ್ಕೂ ಬಾಗಿಲನ್ನು ಹಾರು ಹೊಡೆದು ಇಡುವುದಾಗಿ ಹೇಳಿ, ಶಹಬ್ಬಾಸ್ ಅನ್ನಿಸಿಕೊಳ್ಳಲು ಕಾದಿದ್ದ. ಸಿಕ್ಕಿದ್ದು ಒಗಟು.

“ಉಳಿದ ಮೂರರಲ್ಲಿ ನಾಯಿ ಮಲಗಿತ್ತೇನೋ ಬುದ್ಧಿ,” ಅಂದ.

ಗುರುಗಳು ನಗಲಿಲ್ಲ. ಕತೆ ಶುರು ಮಾಡಿದರು.

ಒಬ್ಬ ವ್ಯಾಪಾರಿ ಇದ್ದ. ಹೆಂಡತಿಯನ್ನೂ ಪುಟ್ಟ ಮಗಳನ್ನೂ ಕರೆದುಕೊಂಡು ಪುರಾಣ ಕೇಳಲು ಒಂದು ಮಂಟಪಕ್ಕೆ ಹೋದ. ಕಾಲಲ್ಲಿ ಹೊಸ ಚಪ್ಪಲಿ. ನಡೆದರೆ ಜಿರ್ರು ಜಿರ್ರು ಅನ್ನುವಂಥವು. ಮೂಡಣ ಬಾಗಿಲಲ್ಲಿ ಎಲ್ಲರೂ ಬಿಟ್ಟಲ್ಲೇ ತಾನೂ ಬಿಟ್ಟ. ಆದರೆ ಜಾಣ ನೋಡು, ಜೋಡಿಯಾಗಿ ಬಿಡಲಿಲ್ಲ. ಕಳ್ಳನಿಗೆ ಜೋಡಿ ಸಿಗಬಾರದೆಂದು ಒಂದನ್ನು ಬಾಗಿಲ ಈ ಬದಿಗೆ, ಇನ್ನೊಂದನ್ನು ಆ ಬದಿಗೆ ಬಚ್ಚಿಟ್ಟ. ಅಲ್ಲಿಗೆ ಬಂದವರಲ್ಲಿ ಅಂಥ ಜಾಣರು ಅವನೊಬ್ಬನೇ ಆಗಿರಲಿಲ್ಲ.

ಇಲ್ಲಿ ಮರುಳಸಿದ್ಧ ತನ್ನ ಪಾದ ನೋಡಿಕೊಂಡ. ಅವನೂ ಹಾಗೇ ಮಾಡುವವನು.

ಒಳಗೆ ಹೋಗಿ, ಗಾಳಿ ಬರುತ್ತದೆಂದು ಪಡುವಣ ಬಾಗಿಲ ಪಕ್ಕದಲ್ಲೇ ಮೂವರೂ ಕೂತರು. ಪುರಾಣ ಅರ್ಧವಾಗಿತ್ತು. ಮಗು ತಂದೆಯ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಅಡುಗೆಮನೆಯ ಕಡೆ ಗೋಣಿಚೀಲಕ್ಕೆ ಕಿಡಿ ಹಾರಿ ಒಂದಿಷ್ಟು ಹೊಗೆ ಎದ್ದಿತು. ಎರಡು ಕೊಡ ನೀರಿನ ಕೆಲಸ. ಆದರೆ ಯಾರೋ ಬೆಂಕಿ ಅಂದರು, ಮಂಟಪವೆಲ್ಲ ಎದ್ದು ನಿಂತಿತು. ಪಡುವಣ ಬಾಗಿಲು ವ್ಯಾಪಾರಿಗೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಹೆಂಡತಿ ಆಗಲೇ ಹೊಸ್ತಿಲ ಮೇಲಿದ್ದಳು.

“ರೀ, ಇಲ್ಲೇ ಬಾಗಿಲಿದೆಯಲ್ಲ, ಬನ್ನಿ,” ಅಂದಳು.

“ತಡಿಯೇ, ಚಪ್ಪಲಿ ಆ ಕಡೆ ಇದೆ,” ಅಂದ ವ್ಯಾಪಾರಿ. ಮಗುವನ್ನು ಎತ್ತಿಕೊಂಡು ಮೂಡಣಕ್ಕೆ ನಡೆದ.

ಎಲ್ಲರೂ ಮೂಡಣಕ್ಕೇ ನಡೆದರು. ಜೀವ ಮುಖ್ಯವೋ ಚಪ್ಪಲಿಯೋ ಎಂದು ಕೇಳಿದ್ದರೆ ಒಬ್ಬನೂ ತಪ್ಪು ಹೇಳುತ್ತಿರಲಿಲ್ಲ. ಕೇಳಲು ಯಾರಿಗೆ ಪುರುಸೊತ್ತು? ಹೊಸ್ತಿಲು ಮುಟ್ಟಿದವರು ಚಪ್ಪಲಿಗೆ ಬಗ್ಗಿದರು. ಮುಂದಿನವರು ಬಗ್ಗಿದ್ದು ಹಿಂದಿನವರಿಗೆ ಕಾಣಲಿಲ್ಲ, ಅವರು ತಳ್ಳಿದರು. ಬಗ್ಗಿದವರಿಗೆ ಮತ್ತೆ ಏಳಲಾಗಲಿಲ್ಲ. ವ್ಯಾಪಾರಿಗೆ ಒಂದು ಚಪ್ಪಲಿ ಸಿಕ್ಕಿತು. ಇನ್ನೊಂದು ಬಾಗಿಲ ಆ ಬದಿಗಿತ್ತು. ಅದಕ್ಕೆ ಕೈ ಚಾಚಿದ. ಚಾಚಿದ ಕೈ ಮಗುವನ್ನು ಹಿಡಿದಿದ್ದ ಕೈ.

ಮರುಳಸಿದ್ಧನಿಗೆ ಒಗಟು ಒಡೆಯಿತು. ಒಡೆದದ್ದಕ್ಕೆ ಖುಷಿಯಾಗಲಿಲ್ಲ. ಮಗು ಏನಾಯಿತು ಎಂದು ಮೆಲ್ಲನೆ ಕೇಳಿದ.

ಗುರುಗಳು ಅವನ ಮುಖ ನೋಡಿ ಮುಂದುವರಿಸಿದರು. ಹೆಂಡತಿ ಪಡುವಣ ಬಾಗಿಲಲ್ಲಿ ನಿಂತು, ಈ ಕಡೆ ದಾರಿ ಇದೆ ಬನ್ನಿ ಎಂದು ಕೂಗಿದಳು. ಒಬ್ಬರೂ ತಿರುಗಲಿಲ್ಲ. ಗಂಟಲು ಹರಿಯುವಂತೆ ಇನ್ನೊಮ್ಮೆ ಕೂಗಿದಳು. ಊಹೂಂ. ಆಗ ಅವಳಿಗೆ ಏನು ಹೊಳೆಯಿತೋ, ಬೇರೆ ಮಾತು ಕೂಗಿದಳು.

“ಚಪ್ಪಲಿಯನ್ನೆಲ್ಲ ಈ ಬಾಗಿಲಿಗೆ ತಂದಿಟ್ಟಿದ್ದಾರೆ ಕಣ್ರಪ್ಪೋ.”

ಜನ ತಿರುಗಿದರು. ಹಿಂದಿದ್ದವರು ಮುಂದಾದರು, ಮೂಡಣದ ಒತ್ತಡ ಸಡಿಲಿತು. ಬಿದ್ದವರು ಎದ್ದರು. ಕಂಬದ ಬುಡದಲ್ಲಿ ಮುದುರಿ ಕೂತಿದ್ದ ಮಗು ವ್ಯಾಪಾರಿಗೆ ಸಿಕ್ಕಿತು. ಹೊರಗೆ ಬಂದವರು ಬರಿಗಾಲಲ್ಲಿ ನಿಂತು, ಎಲ್ಲಿದೆಯಮ್ಮ ನಮ್ಮ ಚಪ್ಪಲಿ, ಸುಳ್ಳು ಹೇಳಲು ನಾಚಿಕೆಯಾಗಲಿಲ್ಲವೇ ಎಂದು ಅವಳನ್ನು ತರಾಟೆಗೆ ತೆಗೆದುಕೊಂಡರು. ವ್ಯಾಪಾರಿ ಮಾತ್ರ ಮಗುವನ್ನು ಎದೆಗೆ ಒತ್ತಿಕೊಂಡು ನಿಂತಿದ್ದ.

ಮರುಳಸಿದ್ಧನ ಮುಖ ಅರಳಿತು. ಆ ತಾಯಿ ಯಾವ ಊರಿನವಳು, ನಾಳಿನ ಸಭೆಗೇ ಕರೆಸಿ ಶಾಲು ಹೊದಿಸೋಣ ಅಂದ. ಅವಳು ಬರದಿದ್ದರೂ ಚಿಂತೆಯಿಲ್ಲ, ಪಡುವಣ ಬಾಗಿಲಲ್ಲಿ ತಾನೇ ನಿಂತಿರುತ್ತೇನೆ, ಹೊಗೆ ಕಂಡರೆ ಅದೇ ಮಾತು ಕೂಗುತ್ತೇನೆ, ತನ್ನ ಗಂಟಲು ಅವಳದ್ದಕ್ಕಿಂತ ದೊಡ್ಡದು ಎಂದೂ ಸೇರಿಸಿದ. ಹೊರಗೆ ಮೂಡಣ ಬಾಗಿಲಲ್ಲಿ ಆಳು ಆಗಲೇ ಸುಣ್ಣದ ಗೆರೆ ಎಳೆದು, ಚಪ್ಪಲಿ ಇಲ್ಲೇ ಬಿಡಿ ಎಂಬ ಹಲಗೆಯನ್ನು ಮೊಳೆಗೆ ತೂಗುಹಾಕುತ್ತಿದ್ದ.

ಗುರುಗಳು ಆ ಹಲಗೆಯನ್ನೇ ನೋಡುತ್ತ ಹೇಳಿದರು:

“ಅವಳು ಕೂಗಿದ್ದು ಕತೆಗೆ ನಾನು ಕಟ್ಟಿದ ಕೊನೆ ಕಣಪ್ಪ, ಅಂದು ಅವಳೂ ಗಂಡನ ಹಿಂದೆ ಚಪ್ಪಲಿಯ ಬಾಗಿಲಿಗೇ ಹೋದಳು.”