ಅರಸನ ಕಾಲ ಬಳಿ ಇಟ್ಟ ಮುಂಡಾಸು

“ಕೇಳ್ರಪ್ಪೋ ಕೇಳ್ರಿ! ರಾಜಕುಮಾರಿ ಪದುಮಲೆಯವರು ಮೂರು ಒಗಟು ಹಾಕುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಕೇಳಿದ್ದು ಸಿಗುತ್ತದೆ. ಬಾಯಿ ತೆರೆದು ತಪ್ಪಿದವನ ತಲೆ ಸಂಜೆಗೆ ಹಾರುತ್ತದೆ!”

ಕಾರೆಕೋಟೆಯ ಬೀದಿಗಳಲ್ಲಿ ಹೀಗೆ ಡಂಗುರ ಸಾರಿದಾಗ ಜನ ಬೆಚ್ಚಿಬಿದ್ದರು. ಬೆಚ್ಚಲು ಕಾರಣವಿತ್ತು. ಪದುಮಲೆ ಇರುವೆಯನ್ನೂ ತುಳಿಯದೆ ದಾಟುವ ಹುಡುಗಿ. ಅವಳು ತಲೆ ಕೇಳುವುದೆಂದರೇನು?

ಅರಮನೆಯ ಅಂಗಳ ತುಂಬಿತು. ಜನರ ಹಿಂದೆ ಓಬಳನೂ ನಿಂತಿದ್ದ. ಅವನ ಕೆಲಸವನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯದು. ಯಾರಾದರೂ ಸತ್ತರೆ ದೂರದ ನೆಂಟರಿಗೆ ಸುದ್ದಿ ಮುಟ್ಟಿಸುವವನು ಅವನು. ಮನೆಯವರ ಊಟವಾಯಿತೇ ಎಂದು ವಿಚಾರಿಸಿ, ತನ್ನ ಮುಂಡಾಸು ಬಿಚ್ಚಿ ನೆಲಕ್ಕಿಟ್ಟು, ಆಮೇಲೆ ಸುದ್ದಿ ಹೇಳುವುದು ಆ ನಾಡಿನ ಪದ್ಧತಿ. ಹೇಳಿದವನಿಗೆ ಆ ಮನೆಯಲ್ಲಿ ಗುಟುಕು ನೀರೂ ಸಿಗುತ್ತಿರಲಿಲ್ಲ. ಕೊಟ್ಟರೆ ಅಪಶಕುನವೆಂಬ ಭಯ.

ಮುದಿ ಅರಸ ಸಿಂಹಾಸನದಲ್ಲಿದ್ದ. ಅವನ ಮಗ ಮಲ್ಲರಸ ಗಡಿಯ ಕಾಳಗಕ್ಕೆ ಹೋಗಿದ್ದ. ಪದುಮಲೆ ಎದ್ದು ನಿಂತಳು.

“ಅದನ್ನು ತಕ್ಕಡಿಯಲ್ಲಿ ತೂಗಲಾಗದು. ಹೊತ್ತು ತಂದವನು ಇಳಿಸಿದ ಕೂಡಲೇ ಎದುರಿಗಿದ್ದವನು ಕುಸಿಯುತ್ತಾನೆ. ಏನದು?”

“ಕಬ್ಬಿಣದ ಗುಂಡು!” ಎಂದ ದಳಪತಿಯ ಮಗ. ಭಟರು ಎಳೆದೊಯ್ದರು.

“ಶಾಪ,” ಎಂದರು ತರ್ಕಪಂಡಿತರು, ಶಾಲು ಸರಿಪಡಿಸಿಕೊಂಡು. ಅವರನ್ನೂ ಶಾಲಿನ ಸಮೇತ ಎಳೆದೊಯ್ದರು.

“ಅಯ್ಯೋ, ಸಾವಿನ ಸುದ್ದಿಯಲ್ಲವಾ ಅದು!”

ಓಬಳನ ಬಾಯಿಂದ ತಾನಾಗಿ ಬಿತ್ತು. ಅವನು ಸ್ಪರ್ಧೆಗೆ ಬಂದವನಲ್ಲ. ತಾನು ದಿನಾ ಹೊರುವ ಹೊರೆಯ ಗುರುತು ಹಿಡಿದಿದ್ದ, ಅಷ್ಟೇ. ಆದರೆ ಬಾಯಿ ತೆರೆದಾಗಿತ್ತು. ಉಳಿದೆರಡನ್ನೂ ಬಿಡಿಸಬೇಕು, ಇಲ್ಲವೇ ತಲೆ ಕೊಡಬೇಕು.

“ಸತ್ತೆಯಲ್ಲೋ ಓಬಳ!” ಎಂದ ಪಕ್ಕದವನು. ಭಟರು ಓಬಳನನ್ನು ಮುಂದಕ್ಕೆ ನೂಕಿದರು.

“ಸರಿ,” ಎಂದಳು ಪದುಮಲೆ. “ಒಂದು ಮನೆಗೆ ಎರಡು ಬಾಗಿಲು. ಒಂದನ್ನೇ ತಟ್ಟಿದರೆ ಎರಡೂ ತೆರೆಯವು. ಯಾವ ಮನೆ?”

ಓಬಳನಿಗೆ ತಾನು ನಿಂತ ಹೊಸಿಲುಗಳೆಲ್ಲ ನೆನಪಾದವು. “ಮನುಷ್ಯ, ತಾಯಿ. ತಲೆ ಒಂದು ಬಾಗಿಲು, ಎದೆ ಇನ್ನೊಂದು.”

“ಅದೂ ಸರಿ. ಇನ್ನು ಮೂರನೆಯದು: ಅರ್ಧ ಹೇಳಿದರೆ ಸುಳ್ಳು, ಥಟ್ಟನೆ ಹೇಳಿದರೆ ಕೊಲೆ, ಮುಚ್ಚಿಟ್ಟರೆ ದ್ರೋಹ. ಏನು ಮಾಡಬೇಕು?”

ಕೇಳುವಾಗ ಅವಳ ಕಣ್ಣು ಓಬಳನ ಮೇಲಿರಲಿಲ್ಲ, ತಂದೆಯ ಮೇಲಿತ್ತು. ಆ ನೋಟ ಅವನಿಗೆ ಗೊತ್ತು. ಸಾವನ್ನು ಬಚ್ಚಿಟ್ಟವರ ನೋಟ ಅದು. ಅವನು ಹತ್ತಿರ ಹೋಗಿ ಪಿಸುಗುಟ್ಟಿದ: “ತಾಯಿ, ಇದು ಒಗಟಲ್ಲ. ಯಾರು ಹೋದರು?”

“ಅಣ್ಣ,” ಎಂದಳು, ತುಟಿ ಅಲುಗಿದಷ್ಟೇ. “ಅಪ್ಪಾಜಿಯ ಎದೆ ಆಘಾತ ತಡೆಯದು ಅಂತಾರೆ ವೈದ್ಯರು. ನನಗೆ ಹೇಳಲು ಬಾಯಿ ಬರಲಿಲ್ಲ. ಹೇಳಬಲ್ಲವನನ್ನು ಹುಡುಕಿದೆ. ಹಗುರ ನಾಲಿಗೆಯವರು ದೂರ ಇರಲೆಂದು ತಲೆಯ ಪಣ ಇಟ್ಟೆ.”

ಓಬಳ ಸಿಂಹಾಸನದ ಮೆಟ್ಟಿಲು ಹತ್ತಿದ.

“ಒಡೆಯಾ, ಊಟ ಆಯ್ತಾ?”

ಒಗಟಿಗೆ ಇದೆಂಥ ಉತ್ತರವೆಂದು ಸಭೆ ಗೊಳ್ಳೆಂದು ನಕ್ಕಿತು. “ಆಯ್ತಪ್ಪಾ, ಯಾಕೆ?” ಎಂದ ಅರಸ.

ಓಬಳ ಕಾಲ ಬಳಿ ಕೂತು ಮುಂಡಾಸು ಬಿಚ್ಚಿ ನೆಲಕ್ಕಿಟ್ಟ. ನಗು ಕತ್ತರಿಸಿದಂತೆ ನಿಂತಿತು. ಅರಸ ಮುಂಡಾಸನ್ನೇ ನೋಡಿದ. ಅವನ ಕೈ ಗಾಳಿಯಲ್ಲಿ ಏನನ್ನೋ ತಡಕಿತು. ಓಬಳ ಆ ಕೈಯನ್ನೇ ಹಿಡಿದುಬಿಟ್ಟ. ಅರಸನ ಕೈ! ಭಟರ ಕತ್ತಿ ಅರ್ಧ ಹೊರಬಂತು.

“ಒಡೆಯಾ, ನಿಮ್ಮ ಮಗ ಮಲ್ಲರಸರು ಕಾಳಗದಲ್ಲಿ ತೀರಿಕೊಂಡರು. ಮಗಳು ಇಲ್ಲೇ ಇದ್ದಾರೆ. ನಾನೂ ಎದ್ದು ಹೋಗುವುದಿಲ್ಲ.”

ಅರಸನ ಉಸಿರು ಸಿಕ್ಕಿಕೊಂಡಿತು. ವೈದ್ಯರು ಓಡಿಬಂದರು. ಓಬಳ ಕೈ ಬಿಡಲಿಲ್ಲ. ಕಡೆಗೆ ಆ ಉಸಿರು ಅಳುವಾಗಿ ಹೊರಬಂತು, ಅರಸ ಬದುಕಿದ.

ಅಳು ತಗ್ಗಿದ ಮೇಲೆ ಅರಸ ಕೇಳಿದ: “ಮೂರನೆಯದಕ್ಕೆ ಉತ್ತರ ಏನಪ್ಪಾ?”

“ಈಗ ಮಾಡಿದ್ದೇ, ಒಡೆಯಾ. ನಡೆದದ್ದನ್ನು ತಿರುಚದೆ ಹೇಳಬೇಕು, ಅದು ತಲೆಯ ಬಾಗಿಲು. ಹೇಳಿ ಓಡಿಹೋಗಬಾರದು, ಅದು ಎದೆಯದು. ಬರೀ ಸುದ್ದಿ ಎಸೆದರೆ ಕೇಳಿದವರು ಒಂಟಿಯಾಗುತ್ತಾರೆ. ಬರೀ ಅತ್ತರೆ ಏನಾಯಿತೆಂದೇ ತಿಳಿಯದೆ ಒದ್ದಾಡುತ್ತಾರೆ.”

“ಏನು ಬೇಕೋ ಕೇಳು.”

“ಆ ಇಬ್ಬರ ತಲೆ ಉಳಿಸಿ. ಅವರ ಮನೆಗಳ ಮುಂದೆ ಹೋಗಿ ನಿಲ್ಲುವ ಶಕ್ತಿ ಇವತ್ತು ನನಗಿಲ್ಲ.”

ಪದುಮಲೆ ತಲೆಯಾಡಿಸಿದಳು, ಭಟರು ಬಿಡಿಸಲು ಓಡಿದರು. ಅರಸ ತನ್ನ ಬೆಳ್ಳಿಯ ಚೊಂಬು ಎತ್ತಿ ಓಬಳನ ಮುಂದೆ ಹಿಡಿದ. ಸಭೆಗೆ ಸಭೆಯೇ ಬೆಕ್ಕಸಬೆರಗಾಯಿತು.

“ಕುಡಿಯಪ್ಪಾ. ಬಾಯಾರಿರುತ್ತೆ.”

ಓಬಳ ಕುಡಿದ. ಅಂದಿನಿಂದ ಕಾರೆಕೋಟೆಯಲ್ಲಿ ಸುದ್ದಿ ತಂದವನಿಗೆ ಮೊದಲು ನೀರು, ಆಮೇಲೆ ಮಾತು.